‘ಜಿಗುಪ್ಸೆ’ ಎಂಬ ಪದದ ಹಿಂದೆ: ಸುದ್ದಿಯಲ್ಲಿ ಮಾನಸಿಕ ಕಾಯಿಲೆ ಕಾಣಿಸಿಕೊಳ್ಳುವ ಬಗೆ

ದಿನಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯೊಂದು ಆಗಾಗ ಕಣ್ಣಿಗೆ ಬೀಳುತ್ತದೆ. ಊರು ಬೇರೆ, ಹೆಸರು ಬೇರೆ. ವಾಕ್ಯ ಮಾತ್ರ ಅದೇ: ‘ಜೀವನದಲ್ಲಿ ಜಿಗುಪ್ಸೆಗೊಂಡು ವ್ಯಕ್ತಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ.’ ಅದೇ ದಿನ ಸಂಜೆ ಟಿ.ವಿ. ಹಾಕಿದರೆ, ಇನ್ನೆಲ್ಲೋ ನಡೆದ ಹಲ್ಲೆಯ ದೃಶ್ಯದ ಕೆಳಗೆ ಕೆಂಪು ಪಟ್ಟಿಯಲ್ಲಿ ‘ಸೈಕೋ’ ಎಂಬ ಪದ ಓಡುತ್ತಿರುತ್ತದೆ.

ಮಾನಸಿಕ ಕಾಯಿಲೆಯ ಬಗ್ಗೆ ನಮ್ಮಲ್ಲಿ ಬಹುಪಾಲು ಜನರಿಗೆ ತಲುಪುವುದು ಈ ಎರಡು ಬಗೆಯ ಸುದ್ದಿ. ಮನೆಯಲ್ಲಿ ಎಲ್ಲರೂ ಚೆನ್ನಾಗಿರುವವರೆಗೆ ಇದರಿಂದ ಏನೂ ತೊಂದರೆ ಆದಂತೆ ಅನ್ನಿಸುವುದಿಲ್ಲ. ಆದರೆ ಒಂದು ದಿನ ಮಗಳು ಕಾಲೇಜಿಗೆ ಹೋಗಲು ಒಲ್ಲೆ ಎಂದು ವಾರಗಟ್ಟಲೆ ಕೋಣೆಯಲ್ಲೇ ಉಳಿಯುತ್ತಾಳೆ. ಅಥವಾ ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆಂದು ಅಣ್ಣ ಕಿಟಕಿಗಳನ್ನೆಲ್ಲ ಮುಚ್ಚತೊಡಗುತ್ತಾನೆ. ಆಗ ಮನೆಯವರ ತಲೆಯಲ್ಲಿ ಮೊದಲು ಏಳುವ ಚಿತ್ರ ಇದೇ ಸುದ್ದಿಗಳಿಂದ ಬಂದದ್ದು. ಆಸ್ಪತ್ರೆಗೆ ಹೋಗಬೇಕೋ ಬೇಡವೋ, ನೆಂಟರಿಗೆ ಹೇಳಬೇಕೋ ಮುಚ್ಚಿಡಬೇಕೋ ಎಂಬುದನ್ನು ಆ ಚಿತ್ರವೂ ನಿರ್ಧರಿಸುತ್ತದೆ. ಅದು ತಯಾರಾಗುವುದು ಹೇಗೆ ಎಂದು ನೋಡೋಣ.

ಮೊದಲು ಪದಗಳು

ಮಾನಸಿಕ ಕಾಯಿಲೆ ಎನ್ನುವುದು ಒಂದೇ ಕಾಯಿಲೆಯ ಹೆಸರಲ್ಲ. ‘ಜ್ವರ’ ಎಂಬ ಪದದೊಳಗೆ ನೆಗಡಿ ಜ್ವರವೂ ಇದೆ, ಡೆಂಗಿಯೂ ಇದೆ, ಟೈಫಾಯಿಡ್ಡೂ ಇದೆ. ಇದೂ ಹಾಗೆಯೇ. ಖಿನ್ನತೆ, ಅತಿಯಾದ ಆತಂಕ, ಗೀಳು ಕಾಯಿಲೆ, ಮನಸ್ಥಿತಿ ವಿಪರೀತ ಏರಿ ಇಳಿಯುವ ಬೈಪೋಲಾರ್, ಇಲ್ಲದ ಧ್ವನಿ ಕೇಳಿಸುವ ಮತ್ತು ಆಧಾರವಿಲ್ಲದ ಸಂಶಯ ಗಟ್ಟಿಯಾಗುವ ಸ್ಕಿಜೋಫ್ರೇನಿಯಾ, ಮದ್ಯವ್ಯಸನ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಪ್ರತಿಯೊಂದರ ಲಕ್ಷಣ ಬೇರೆ, ತೀವ್ರತೆ ಬೇರೆ, ಚಿಕಿತ್ಸೆ ಬೇರೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ಶೇ 10.6ರಷ್ಟು ಜನ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಇವರಲ್ಲಿ ಹೆಚ್ಚಿನವರದು ಖಿನ್ನತೆ, ಆತಂಕ, ವ್ಯಸನದಂಥ ಸಾಮಾನ್ಯ ತೊಂದರೆಗಳು. ತೀವ್ರ ಸ್ವರೂಪದ ಕಾಯಿಲೆಗಳಿದ್ದವರ ಪ್ರಮಾಣ ಶೇ 1ಕ್ಕಿಂತ ಕಡಿಮೆ. ಟಿ.ವಿ. ಪರದೆಯ ಮೇಲೆ ಬರುವುದು ಈ ಸಣ್ಣ ಗುಂಪಿನಲ್ಲೂ ಚಿಕಿತ್ಸೆ ಸಿಗದೆ ಬಿಕ್ಕಟ್ಟಿಗೆ ಸಿಲುಕಿದ ಕೆಲವರು ಮಾತ್ರ. ಬೆಳಿಗ್ಗೆ ಮಾತ್ರೆ ನುಂಗಿ ಕೆಲಸಕ್ಕೆ ಹೋಗುವ ಬ್ಯಾಂಕ್ ನೌಕರ, ಆರು ತಿಂಗಳು ಚಿಕಿತ್ಸೆ ಪಡೆದು ಪಾಠಕ್ಕೆ ಮರಳಿದ ಶಿಕ್ಷಕಿ ಸುದ್ದಿಯಾಗುವುದಿಲ್ಲ.

ಬಸ್ಸನ್ನೇ ಕಂಡಿರದ ಒಬ್ಬರಿಗೆ ಬಸ್ ಅಪಘಾತದ ಸುದ್ದಿಗಳನ್ನಷ್ಟೇ ಹತ್ತು ವರ್ಷ ಓದಿಸಿದರೆ, ಅವರು ಜನ್ಮದಲ್ಲಿ ಬಸ್ ಹತ್ತಲಾರರು. ಬಸ್ ದಿನವೂ ಲಕ್ಷಾಂತರ ಜನರನ್ನು ಊರು ಮುಟ್ಟಿಸುತ್ತದೆ ಎಂಬುದು ನಮಗೆ ಗೊತ್ತಿರುವುದು ನಾವೇ ಅದರಲ್ಲಿ ಕೂತು ಬಂದಿರುವುದರಿಂದ. ಮಾನಸಿಕ ಕಾಯಿಲೆಯ ವಿಷಯದಲ್ಲಿ ಅಂಥ ಸ್ವಂತ ಅನುಭವ ಮಾತಿನಲ್ಲಿ ಹೊರಬರುವುದೇ ಅಪರೂಪ. ಹಾಗಾಗಿ ಸುದ್ದಿಯೇ ಪೂರ್ತಿ ಚಿತ್ರವಾಗಿಬಿಡುತ್ತದೆ.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ವರದಿಗಳಲ್ಲಿ ‘ಬುದ್ಧಿಮಾಂದ್ಯ’ ಮತ್ತು ‘ಮಾನಸಿಕ ಅಸ್ವಸ್ಥ’ ಎಂಬ ಪದಗಳನ್ನು ಅದಲುಬದಲಾಗಿ ಬಳಸುವುದಿದೆ. ಇವು ಒಂದೇ ಅಲ್ಲ. ಬೌದ್ಧಿಕ ಬೆಳವಣಿಗೆ ಬಾಲ್ಯದಿಂದಲೇ ಕುಂಠಿತವಾಗಿರುವುದು ಕಾಯಿಲೆಯಲ್ಲ, ಅದೊಂದು ಅಂಗವೈಕಲ್ಯ. ಮಾನಸಿಕ ಕಾಯಿಲೆ ಯಾವ ವಯಸ್ಸಿನಲ್ಲಾದರೂ, ಯಾವ ಬುದ್ಧಿವಂತರಿಗಾದರೂ ಬರಬಹುದು. ಚಿಕಿತ್ಸೆಯಿಂದ ಹತೋಟಿಗೂ ಬರಬಹುದು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಬುದ್ಧಿಮಾಂದ್ಯತೆಯನ್ನು ಹೊರಗಿಟ್ಟಿದೆ.

‘ಹುಚ್ಚು’ ಎಂಬ ಪದದ ಬಗ್ಗೆಯೂ ಒಂದು ಮಾತು. ಓದುವ ಹುಚ್ಚು, ನಾಟಕದ ಹುಚ್ಚು, ಹುಚ್ಚು ಹೊಳೆ ಎಂದೆಲ್ಲ ಕನ್ನಡ ಈ ಪದವನ್ನು ಪ್ರೀತಿಯಿಂದಲೂ ಬಳಸಿಕೊಂಡಿದೆ. ಪದದಲ್ಲಿ ತಪ್ಪಿಲ್ಲ. ಒಬ್ಬ ಮನುಷ್ಯನ ಊರು, ವಯಸ್ಸು, ಕಸುಬು, ಸಂಬಂಧ ಎಲ್ಲವನ್ನೂ ಅಳಿಸಿ ‘ಹುಚ್ಚ’ ಅಥವಾ ‘ಅಸ್ವಸ್ಥ’ ಎಂಬ ಒಂದೇ ಪದವನ್ನು ಶೀರ್ಷಿಕೆಯಲ್ಲಿ ನಿಲ್ಲಿಸಿದಾಗ ಅವರ ಪಾಲಿಗೆ ಅದೊಂದೇ ಗುರುತು ಉಳಿಯುತ್ತದೆ. ಮಧುಮೇಹ ಇರುವವರೊಬ್ಬರು ಜಗಳವಾಡಿದರೆ ‘ಸಕ್ಕರೆ ರೋಗಿಯಿಂದ ರಂಪಾಟ’ ಎಂದು ಯಾವ ಪತ್ರಿಕೆಯೂ ಬರೆಯುವುದಿಲ್ಲ.

ಆ ನಾಲ್ಕು ಸಾಲು ಎಲ್ಲಿಂದ ಬರುತ್ತದೆ

ಮಾನಸಿಕ ಕಾಯಿಲೆಯ ಸುದ್ದಿ ಸಾಮಾನ್ಯವಾಗಿ ಹುಟ್ಟುವುದು ಪೊಲೀಸ್ ಠಾಣೆಯಲ್ಲಿ. ಇದನ್ನು ತಿಳಿದುಕೊಂಡರೆ ಅರ್ಧ ವಿಷಯ ತಿಳಿದಂತೆ.

ಯಾರಾದರೂ ಅಸಹಜವಾಗಿ ಸತ್ತರೆ ಪೊಲೀಸರು ತನಿಖೆ ನಡೆಸಲೇಬೇಕು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಸೆಕ್ಷನ್‌ನಲ್ಲಿತ್ತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ರಲ್ಲಿದೆ. ಠಾಣೆಯ ಭಾಷೆಯಲ್ಲಿ ಇದಕ್ಕೆ ಯುಡಿಆರ್ (ಅಸಹಜ ಸಾವಿನ ವರದಿ) ಎನ್ನುತ್ತಾರೆ. ದುಃಖದಲ್ಲಿ ಮುಳುಗಿರುವ ಮನೆಯವರೊಬ್ಬರು ಬಂದು ಹೇಳಿಕೆ ಕೊಡಬೇಕು. ಕಾರಣವೇನು ಎಂದು ಕೇಳುತ್ತಾರೆ. ಆ ಹೊತ್ತಿನಲ್ಲಿ ಮನೆಯವರಿಗೂ ಕಾರಣ ಗೊತ್ತಿರುವುದಿಲ್ಲ. ಅನುಮಾನ ಯಾರ ಮೇಲೂ ಬರಬಾರದು, ಮರಣೋತ್ತರ ಪರೀಕ್ಷೆ ಬೇಗ ಮುಗಿಯಬೇಕು, ಊರಲ್ಲಿ ಮಾತಾಗಬಾರದು. ಅದಕ್ಕೆ ಹೊಂದುವ ಒಂದು ಕಾರಣ ಬಾಯಿಗೆ ಬರುತ್ತದೆ: ‘ಹೊಟ್ಟೆನೋವು ತಾಳಲಾರದೆ’, ‘ಸಾಲಬಾಧೆಯಿಂದ’, ‘ಮಾನಸಿಕವಾಗಿ ನೊಂದು’, ‘ಜೀವನದಲ್ಲಿ ಜಿಗುಪ್ಸೆ ಹೊಂದಿ’. ಬರೆದುಕೊಳ್ಳುವವರಿಗೂ ಈ ಪದಗಳು ರೂಢಿಯಾಗಿವೆ. ಸಂಜೆ ಠಾಣೆಯಿಂದ ವರದಿಗಾರರಿಗೆ ಹೋಗುವ ಮಾಹಿತಿಯಲ್ಲಿ ಅದೇ ಪದ ಇರುತ್ತದೆ. ಪುಟ ಮುಗಿಸುವ ಹೊತ್ತಾಗಿರುವ ಡೆಸ್ಕ್‌ನಲ್ಲಿ ಆ ಸಾಲು ಹಾಗೆಯೇ ಕೂರುತ್ತದೆ.

ಹೀಗೆ ಒಂದು ಕುಟುಂಬ ಆಘಾತದಲ್ಲಿ ಹೇಳಿದ ಊಹೆ ಮರುದಿನ ಬೆಳಿಗ್ಗೆ ಸತ್ಯವಾಗಿ ಅಚ್ಚಾಗುತ್ತದೆ. ಅಷ್ಟಕ್ಕೇ ನಿಲ್ಲುವುದೂ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಗೆ ಅಂಕಿ ಹೋಗುವುದೂ ಠಾಣೆಗಳ ದಾಖಲೆಯಿಂದಲೇ. 2022ರಲ್ಲಿ ದೇಶದಲ್ಲಿ 1,70,924 ಜನ, ಕರ್ನಾಟಕದಲ್ಲಿ 13,606 ಜನ ಆತ್ಮಹತ್ಯೆಯಿಂದ ಸತ್ತರು ಎಂದು ಆ ವರದಿ ಹೇಳುತ್ತದೆ. ಕಾರಣಗಳ ಪಟ್ಟಿಯಲ್ಲಿ ‘ಕೌಟುಂಬಿಕ ಸಮಸ್ಯೆ’ ಶೇ 31.7, ‘ಅನಾರೋಗ್ಯ’ ಶೇ 18.4. ಒಂದು ಸಾವಿಗೆ ಒಂದೇ ಕಾಲಂ. ಸಾಲವೂ ಇತ್ತು, ಕುಡಿತವೂ ಇತ್ತು, ಎರಡು ವರ್ಷದಿಂದ ಯಾರೂ ಗಮನಿಸದ ಖಿನ್ನತೆಯೂ ಇತ್ತು ಎಂದು ಬರೆಯಲು ಅಲ್ಲಿ ಜಾಗವಿಲ್ಲ.

‘ಹೊಟ್ಟೆನೋವು’ ಎಂಬ ಕಾರಣವನ್ನು ಓದಿದಾಗ ಹಲವರಿಗೆ ನಂಬಿಕೆ ಬರುವುದಿಲ್ಲ. ಆದರೆ ಅದನ್ನು ಸುಳ್ಳೆಂದು ತಳ್ಳಿಹಾಕಲೂ ಆಗದು. ಖಿನ್ನತೆ ನಮ್ಮಲ್ಲಿ ಬಹಳ ಸಲ ದೇಹದ ನೋವಾಗಿಯೇ ಮಾತನಾಡುತ್ತದೆ. ‘ಮನಸ್ಸಿಗೆ ಬೇಸರ’ ಎಂದು ಡಾಕ್ಟರ ಮುಂದೆ ಹೇಳಿಕೊಳ್ಳುವವರು ಕಡಿಮೆ. ತಲೆನೋವು, ಎದೆ ಹಿಡಿದಂತಾಗುವುದು, ಹೊಟ್ಟೆಯಲ್ಲಿ ಸಂಕಟ, ಕೈಕಾಲು ಸೋಲುವುದು, ನಿದ್ರೆ ಹತ್ತದಿರುವುದು ಎಂದು ಹೇಳಿಕೊಂಡು ಒಂದಾದ ಮೇಲೊಂದು ಆಸ್ಪತ್ರೆ ತಿರುಗುವವರು ಬಹಳ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದಾಗ ‘ನಿನಗೇನೂ ಇಲ್ಲ’ ಎಂಬ ಉತ್ತರ ಸಿಗುತ್ತದೆ. ನಾಲ್ಕು ಸಾಲಿನ ಸುದ್ದಿಯ ಹಿಂದೆ ಹೀಗೆ ಆಸ್ಪತ್ರೆ ಅಲೆದ ವರ್ಷಗಳಿರಬಹುದು. ನಿಮ್ಹಾನ್ಸ್‌ನ ಅದೇ ಸಮೀಕ್ಷೆಯ ಪ್ರಕಾರ ಚಿಕಿತ್ಸೆ ಬೇಕಿದ್ದೂ ಸಿಗದವರ ಪ್ರಮಾಣ ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92ರವರೆಗೆ ಇತ್ತು. ನಿಜವಾದ ಸುದ್ದಿ ಇದು ಎಂದು ನನಗೆ ಅನ್ನಿಸುತ್ತದೆ. ಆದರೆ ಅದು ಠಾಣೆಯಲ್ಲಿ ಸಿಗುವುದಿಲ್ಲ.

‘ಸೈಕೋ’ ಎಂದರೆ ಯಾರು?

ಯಾರೂ ಅಲ್ಲ. ವೈದ್ಯಕೀಯದಲ್ಲಿ ಹಾಗೊಂದು ಕಾಯಿಲೆಯೇ ಇಲ್ಲ. ‘ಸೈಕೋಸಿಸ್’ ಎಂಬುದು ವಾಸ್ತವದ ಅರಿವು ತಪ್ಪುವ ಸ್ಥಿತಿ, ಚಿಕಿತ್ಸೆ ಇರುವಂಥದ್ದು. ‘ಸೈಕೋಪತಿ’ ಎಂಬುದು ಇತರರ ನೋವಿಗೆ ಸ್ಪಂದಿಸದ ವ್ಯಕ್ತಿತ್ವದ ಬಗ್ಗೆ ಹೇಳುವ ಮಾತು. ಇವೆರಡಕ್ಕೂ ಸಂಬಂಧವಿಲ್ಲ. ಪರದೆಯ ಮೇಲೆ ಎರಡನ್ನೂ ಕತ್ತರಿಸಿ ‘ಸೈಕೋ’ ಮಾಡಲಾಗುತ್ತದೆ. ಹೆಂಡತಿಯನ್ನು ಹೊಡೆಯುವ ಗಂಡನೂ ‘ಸೈಕೋ’, ಸರಣಿ ಕೊಲೆಗಾರನೂ ‘ಸೈಕೋ’. ಹಿಂಸೆ ಮಾಡಿದವನ ಹೊಣೆಯನ್ನು ಇದು ಹಗುರಾಗಿಸುತ್ತದೆ, ಯಾವ ಹಿಂಸೆಯನ್ನೂ ಮಾಡದ ರೋಗಿಯ ಮೇಲೆ ಅದೇ ಭಾರವನ್ನು ಹೊರಿಸುತ್ತದೆ.

ಮಾನಸಿಕ ಕಾಯಿಲೆ ಇರುವವರು ಹಿಂಸೆಗೆ ಇಳಿಯುವುದೇ ಇಲ್ಲವೇ ಎಂದು ಕೇಳಿದರೆ ಪ್ರಾಮಾಣಿಕ ಉತ್ತರ ಹೀಗಿದೆ. ಬಹುಪಾಲು ಜನ ಇಳಿಯುವುದಿಲ್ಲ. ಚಿಕಿತ್ಸೆಯಿಲ್ಲದ ಸೈಕೋಸಿಸ್ ಜೊತೆಗೆ ಮದ್ಯ ಅಥವಾ ಮಾದಕ ವಸ್ತು ಸೇರಿದಾಗ ಅಪಾಯ ಹೆಚ್ಚುತ್ತದೆ ಎಂಬುದು ನಿಜ. ಆದರೆ ಸಮಾಜದಲ್ಲಿ ನಡೆಯುವ ಒಟ್ಟು ಹಿಂಸೆಯಲ್ಲಿ ತೀವ್ರ ಮಾನಸಿಕ ಕಾಯಿಲೆಯ ಪಾಲು ಚಿಕ್ಕದು. ಅಮೆರಿಕದ ಅಧ್ಯಯನಗಳಲ್ಲಿ ಅದು ಶೇ 4ರ ಆಸುಪಾಸಿನಲ್ಲಿದೆ. ಈ ಕಾಯಿಲೆ ಇರುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಗುರಿಯಾಗುವುದೇ ಹೆಚ್ಚು. ಕಲ್ಲು ತೂರುವ ಮಕ್ಕಳು, ಬಸ್ ನಿಲ್ದಾಣದಿಂದ ಓಡಿಸುವವರು, ಮಕ್ಕಳ ಕಳ್ಳರೆಂಬ ಗುಮಾನಿಯಿಂದ ಮುಗಿಬೀಳುವ ಗುಂಪು, ಮನೆಯ ಹಿತ್ತಿಲಲ್ಲಿ ಕಟ್ಟಿಹಾಕುವ ಸಂಬಂಧಿಕರು.

‘ಆರೋಪಿ ಮಾನಸಿಕ ಅಸ್ವಸ್ಥ ಎಂದು ಪೊಲೀಸರು ತಿಳಿಸಿದ್ದಾರೆ’ ಎಂಬ ವಾಕ್ಯವನ್ನೂ ಎಚ್ಚರದಿಂದ ಓದಬೇಕು. ಕಾಯಿಲೆ ಇದೆಯೇ ಎಂದು ಹೇಳಬೇಕಾದವರು ಮನೋವೈದ್ಯರು. ಕಾಯಿಲೆ ಇದೆ ಎಂದ ಮಾತ್ರಕ್ಕೆ ಆರೋಪಿ ಶಿಕ್ಷೆಯಿಂದ ಪಾರಾಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ ಪ್ರಕಾರ, ಕೃತ್ಯ ಎಸಗುವ ಹೊತ್ತಿನಲ್ಲೇ ತಾನೇನು ಮಾಡುತ್ತಿದ್ದೇನೆ, ಅದು ತಪ್ಪೋ ಸರಿಯೋ ಎಂದು ತಿಳಿಯಲಾಗದ ಸ್ಥಿತಿ ಇತ್ತು ಎಂಬುದು ನ್ಯಾಯಾಲಯದಲ್ಲಿ ಸಾಬೀತಾಗಬೇಕು. ಅಂದರೆ ವೈದ್ಯರ ಪ್ರಶ್ನೆ ಬೇರೆ, ನ್ಯಾಯಾಲಯದ ಪ್ರಶ್ನೆ ಬೇರೆ. ಘಟನೆ ನಡೆದ ಎರಡು ಗಂಟೆಯೊಳಗೆ ಪ್ರಸಾರವಾಗುವ ಸುದ್ದಿಗೆ ಎರಡೂ ಗೊತ್ತಿರಲು ಸಾಧ್ಯವಿಲ್ಲ.

ನಮ್ಮ ರಾಜ್ಯದ್ದೇ ಆದ ಇನ್ನೊಂದು ರೂಢಿ ಇದೆ. ರಾಜಕಾರಣಿಗಳು ಎದುರಾಳಿಯನ್ನು ‘ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂದು ಹಂಗಿಸುತ್ತಾರೆ, ಆ ಮಾತು ದಪ್ಪ ಅಕ್ಷರದ ಶೀರ್ಷಿಕೆಯಾಗುತ್ತದೆ. 1974ರಲ್ಲಿ ರೂಪುಗೊಂಡ ಈ ಸಂಸ್ಥೆಗೆ ಮೂರ್ಛೆರೋಗ, ಪಾರ್ಶ್ವವಾಯು, ತಲೆಗೆ ಬಿದ್ದ ಪೆಟ್ಟು ಎಂದು ಬರುವವರೂ ಬಹಳ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದು ಬೆಳಗಿನ ಜಾವ ಅಲ್ಲಿ ಸರತಿಯಲ್ಲಿ ನಿಲ್ಲುವ ತಾಯಿಯ ಕೈಯಲ್ಲಿ ಅದೇ ಪತ್ರಿಕೆ ಇರಬಹುದು.

ಆತ್ಮಹತ್ಯೆಯ ಸುದ್ದಿಗೆ ವಿಶೇಷ ಎಚ್ಚರ ಯಾಕೆ

ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ 1978ರಲ್ಲಿ ಸುರಂಗ ರೈಲು ಶುರುವಾಯಿತು. ಎಂಬತ್ತರ ದಶಕದಲ್ಲಿ ಅಲ್ಲಿ ಆತ್ಮಹತ್ಯೆಗಳು ಹೆಚ್ಚಾದವು. ಪತ್ರಿಕೆಗಳು ಪ್ರತಿಯೊಂದನ್ನೂ ಚಿತ್ರವತ್ತಾಗಿ, ಮೊದಲ ಪುಟದಲ್ಲಿ ಬರೆಯುತ್ತಿದ್ದವು. 1987ರ ಮಧ್ಯದಲ್ಲಿ ಅಲ್ಲಿನ ಆತ್ಮಹತ್ಯೆ ತಡೆ ಸಂಘ ಪತ್ರಕರ್ತರಿಗೆ ಮಾರ್ಗಸೂಚಿ ಕೊಟ್ಟಿತು. ಪತ್ರಿಕೆಗಳು ಒಪ್ಪಿದವು: ಕೆಲವು ಸುದ್ದಿಯನ್ನು ಒಳಪುಟಕ್ಕೆ ಸರಿಸಿದವು, ಕೆಲವು ಬರೆಯುವುದನ್ನೇ ಬಿಟ್ಟವು. ಆ ವರ್ಷದ ಮೊದಲ ಆರು ತಿಂಗಳಿಗೆ ಹೋಲಿಸಿದರೆ ನಂತರದ ಆರು ತಿಂಗಳಲ್ಲಿ ಸುರಂಗ ರೈಲಿನಲ್ಲಿ ನಡೆಯುವ ಸಾವು ಮತ್ತು ಪ್ರಯತ್ನಗಳು ಮುಕ್ಕಾಲು ಪಾಲಿಗೂ ಹೆಚ್ಚು ಇಳಿದವು. ಮುಂದಿನ ವರ್ಷಗಳಲ್ಲೂ ಸಂಖ್ಯೆ ಕಡಿಮೆಯೇ ಉಳಿಯಿತು.

ಸುದ್ದಿ ಓದಿದ ಆರೋಗ್ಯವಂತರು ಆತ್ಮಹತ್ಯೆಗೆ ಹೊರಡುತ್ತಾರೆ ಎಂದು ಇದರ ಅರ್ಥವಲ್ಲ. ಆಗಲೇ ಅಂಚಿನಲ್ಲಿ ನಿಂತಿರುವ, ಸಾಯಲೋ ಬದುಕಲೋ ಎಂದು ತೂಗುತ್ತಿರುವ ಒಬ್ಬರಿಗೆ ಸುದ್ದಿಯಲ್ಲಿ ತನ್ನಂಥವರೇ ಕಾಣುತ್ತಾರೆ. ಅವರ ಕಷ್ಟವೂ ತನ್ನದೇ. ಅದಕ್ಕೊಂದು ‘ದಾರಿ’ ಎಂಬಂತೆ ವಿವರ ಸಿಗುತ್ತದೆ. ತೂಕ ಆ ಕಡೆ ವಾಲುತ್ತದೆ. ಸಂಶೋಧಕರು 1974ರಿಂದ ಇದನ್ನು ‘ವೆರ್ದರ್ ಪರಿಣಾಮ’ ಎಂದು ಕರೆಯುತ್ತಾರೆ. 2020ರಲ್ಲಿ ಬ್ರಿಟನ್ನಿನ ವೈದ್ಯಕೀಯ ನಿಯತಕಾಲಿಕ ಬಿಎಂಜೆಯಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಪ್ರಕಟವಾಯಿತು. ಪ್ರಸಿದ್ಧರ ಆತ್ಮಹತ್ಯೆಯ ವರದಿಗಳ ನಂತರದ ಒಂದೆರಡು ತಿಂಗಳಲ್ಲಿ ಆತ್ಮಹತ್ಯೆಗಳು ಸರಾಸರಿ ಶೇ 13ರಷ್ಟು ಹೆಚ್ಚಿದ್ದವು. ವಿಧಾನವನ್ನು ವರದಿ ಮಾಡಿದ್ದಲ್ಲಿ ಅದೇ ವಿಧಾನದ ಸಾವುಗಳು ಶೇ 30ರಷ್ಟು ಹೆಚ್ಚಿದ್ದವು.

ಇದಕ್ಕೆ ಎದುರು ಮುಖವೂ ಇದೆ, ಅದನ್ನು ಹೇಳದಿದ್ದರೆ ವಿಷಯ ಅರ್ಧವಾಗುತ್ತದೆ. ಸಾಯಬೇಕೆನಿಸಿದರೂ ಆ ಗಳಿಗೆ ದಾಟಿ ಬದುಕಿದವರ ಕಥೆಗಳನ್ನು ಪ್ರಕಟಿಸಿದಾಗ ಆತ್ಮಹತ್ಯೆಗಳು ಇಳಿಯುವುದನ್ನು 2010ರಲ್ಲಿ ಆಸ್ಟ್ರಿಯಾದ ಸಂಶೋಧಕರೇ ಗುರುತಿಸಿದರು. ಹಾಗಾಗಿ ಮಾಧ್ಯಮ ಮೌನವಾಗಿರಬೇಕೆಂದು ಯಾವ ತಜ್ಞರೂ ಹೇಳುವುದಿಲ್ಲ. ಹೇಗೆ ಬರೆಯಬೇಕು ಎಂಬುದೇ ಪ್ರಶ್ನೆ.

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯನ್ನು ಆಧರಿಸಿ ಭಾರತೀಯ ಪತ್ರಿಕಾ ಮಂಡಳಿ 2019ರ ಸೆಪ್ಟೆಂಬರ್‌ನಲ್ಲಿ ನಿಯಮಗಳನ್ನು ಅಂಗೀಕರಿಸಿತು. ಆತ್ಮಹತ್ಯೆಯ ಸುದ್ದಿಗೆ ಎದ್ದುಕಾಣುವ ಜಾಗ ಕೊಡಬಾರದು, ಮತ್ತೆ ಮತ್ತೆ ಹಾಕಬಾರದು. ವಿಧಾನ ಮತ್ತು ಸ್ಥಳದ ವಿವರ ಬೇಡ. ಅದೇ ಪರಿಹಾರವೆಂಬಂತೆ ಬಿಂಬಿಸಬಾರದು. ಫೋಟೊ, ವಿಡಿಯೊ ಬೇಡ. ಕನ್ನಡದ ‘ಆತ್ಮಹತ್ಯೆಗೆ ಶರಣು’ ಎಂಬ ರೂಢಿಯ ಪ್ರಯೋಗವನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ಓದಿ ನೋಡಿ. ದೇವರಿಗೆ, ಗುರುವಿಗೆ ಸಲ್ಲುವ ಪದ ಅದು. ಶರಣಾದವರಿಗೆ ಆಶ್ರಯ ಸಿಗುತ್ತದೆ ಎಂಬ ಭಾವ ಅದರೊಳಗಿದೆ. ‘ಆತ್ಮಹತ್ಯೆಯಿಂದ ಮೃತಪಟ್ಟಿದ್ದಾರೆ’ ಎಂದು ಬರೆದರೆ ಸುದ್ದಿಗೆ ಏನೂ ಕೊರತೆಯಾಗದು.

ನಟ ಸುಶಾಂತ್ ಸಿಂಗ್ ರಜಪೂತ್ 2020ರ ಜೂನ್ 14ರಂದು ಮೃತಪಟ್ಟಾಗ, ನಿಯಮ ಬಂದು ಒಂಬತ್ತೇ ತಿಂಗಳಾಗಿತ್ತು. ಬಹಳಷ್ಟು ವಾಹಿನಿಗಳು ಅದನ್ನು ಗಾಳಿಗೆ ತೂರಿದವು. ಒಬ್ಬ ವ್ಯಕ್ತಿಯ ಮನಸ್ಸಿನ ಆರೋಗ್ಯದ ಬಗ್ಗೆ, ಅವರನ್ನು ಎಂದೂ ಪರೀಕ್ಷಿಸದವರು ತಿಂಗಳುಗಟ್ಟಲೆ ಸ್ಟುಡಿಯೊಗಳಲ್ಲಿ ವಾದಿಸಿದರು. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್, ಪತ್ರಿಕಾ ಮಂಡಳಿಯ ಮಾರ್ಗಸೂಚಿ ಟಿ.ವಿ. ವಾಹಿನಿಗಳಿಗೂ ಅನ್ವಯಿಸುತ್ತದೆ ಎಂದು ಹೇಳಿತು. ಮೃತರನ್ನು ದುರ್ಬಲ ಮನಸ್ಸಿನವರೆಂದು ಚಿತ್ರಿಸುವುದೂ ಸಲ್ಲದು ಎಂದಿತು.

ಕಾನೂನು ಕೊಟ್ಟಿರುವ ರಕ್ಷಣೆ

2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 24ನೇ ಸೆಕ್ಷನ್ ಹೇಳುವುದಿಷ್ಟು: ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೊವನ್ನಾಗಲಿ ಮಾಹಿತಿಯನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಒಪ್ಪಿಗೆ ಕೊಡಬೇಕಾದವರು ಆ ವ್ಯಕ್ತಿ. ಅಧಿಕಾರಿಯೋ ಪಕ್ಕದ ಮನೆಯವರೋ ಅಲ್ಲ. 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ, ಚಿಕಿತ್ಸೆ ಒದಗಿಸುವುದು ಸರ್ಕಾರದ ಕರ್ತವ್ಯ. ಹಳೆಯ ದಂಡ ಸಂಹಿತೆಯಲ್ಲಿ ಆತ್ಮಹತ್ಯೆ ಯತ್ನವನ್ನು ಅಪರಾಧವೆನ್ನುತ್ತಿದ್ದ 309ನೇ ಸೆಕ್ಷನ್ 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಲ್ಲಿ ಇಲ್ಲ. ಅಧಿಕಾರಿಯ ಕರ್ತವ್ಯಕ್ಕೆ ಒತ್ತಡ ಹೇರಲು ಹಾಗೆ ಮಾಡಿದರೆ ಮಾತ್ರ ಬೇರೆ ಸೆಕ್ಷನ್ ಇದೆ.

ಒಳ್ಳೆಯ ವರದಿಯ ಬಲ

2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಒಂದು ಖಾಸಗಿ ಮನೋರೋಗಿ ವಸತಿಗೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಿಂದ ಕಟ್ಟಲಾಗಿತ್ತು. ಓಡಲಾಗದೆ 28 ಜನ ಸತ್ತರು. ಪತ್ರಿಕೆಗಳ ವರದಿ ನೋಡಿಯೇ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಅಂಥ ವಸತಿಗಳನ್ನು ಮುಚ್ಚಿಸಲಾಯಿತು. ಎಲ್ಲ ರಾಜ್ಯಗಳಲ್ಲೂ ನೋಂದಣಿಯಿಲ್ಲದ ಕೇಂದ್ರಗಳ ಸಮೀಕ್ಷೆಗೆ ಆದೇಶವಾಯಿತು. ಆ ವರದಿಗಳಲ್ಲಿ ಸತ್ತವರು ‘ಹುಚ್ಚರು’ ಆಗಿರಲಿಲ್ಲ, ಸರಪಳಿಯಲ್ಲಿದ್ದ ಮನುಷ್ಯರಾಗಿದ್ದರು. ವ್ಯತ್ಯಾಸ ಅಲ್ಲಿತ್ತು.

ಕನ್ನಡ ಪತ್ರಿಕೆಗಳಿಗೂ ಒಂದು ಒಳ್ಳೆಯ ಪರಂಪರೆಯಿದೆ. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ದಶಕಗಳ ಕಾಲ ಪತ್ರಿಕೆಗಳಲ್ಲಿ ಸರಳ ಕನ್ನಡದಲ್ಲಿ ಬರೆದರು, ಓದುಗರ ಸಂಕಟಗಳಿಗೆ ಉತ್ತರಿಸಿದರು. ಖಿನ್ನತೆ, ಗೀಳು ಎಂಬ ಪದಗಳು ಹಳ್ಳಿಯ ಓದುಗರಿಗೂ ಪರಿಚಯವಾದದ್ದರಲ್ಲಿ ಅಂಥ ಬರಹಗಳ ಪಾಲು ದೊಡ್ಡದು. 2015ರಲ್ಲಿ ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ ತಮ್ಮ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತನಾಡಿದಾಗ, ಚಿಕಿತ್ಸೆ ಪಡೆದು ಕೆಲಸ ಮಾಡುತ್ತಿರುವ ಒಬ್ಬರ ಮುಖ ಸುದ್ದಿಯಲ್ಲಿ ಕಂಡಿತು.

ಆದರೆ ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದದ್ದು ಎಷ್ಟು ಜನರಿಗೆ ಗೊತ್ತು? ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಊರ ಹತ್ತಿರವೇ ಔಷಧಿ ಸಿಗುವಂತೆ ನಿಮ್ಹಾನ್ಸ್ ಅಲ್ಲಿ ಮಾಡಿ ತೋರಿಸಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಅದು 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಇಂದು ನಮ್ಮ ಜಿಲ್ಲೆಯಲ್ಲಿ ಆ ಕಾರ್ಯಕ್ರಮ ಹೇಗೆ ನಡೆಯುತ್ತಿದೆ, ಮಾತ್ರೆ ಸಿಗುತ್ತಿದೆಯೇ, ಮನೋವೈದ್ಯರ ಹುದ್ದೆ ಖಾಲಿಯಿದೆಯೇ ಎಂಬುದು ವರದಿಗಾರರಿಗೆ ಪ್ರತಿ ತಿಂಗಳೂ ಸಿಗಬಲ್ಲ ಸುದ್ದಿ.

ಓದುಗರು ಏನು ಮಾಡಬಹುದು

ಮಾನಸಿಕ ಕಾಯಿಲೆಯ ಸುದ್ದಿ ಕಂಡಾಗ ಮೂರು ವಿಷಯ ಹುಡುಕಿ: ಕಾಯಿಲೆ ಇದೆ ಎಂದು ಹೇಳಿದವರು ಯಾರು, ಘಟನೆಗೂ ಕಾಯಿಲೆಗೂ ಸಂಬಂಧವಿದೆಯೇ, ಸಹಾಯ ಎಲ್ಲಿ ಸಿಗುತ್ತದೆಂದು ಬರೆದಿದ್ದಾರೆಯೇ. ಮೊಬೈಲ್‌ಗೆ ಬಂದ ರೋಗಿಯ ವಿಡಿಯೊವನ್ನು ಮುಂದಕ್ಕೆ ಕಳುಹಿಸಬೇಡಿ. ಅದರಲ್ಲಿರುವವರು ಗುಣವಾದ ಮೇಲೂ ಅದು ಯಾರದೋ ಫೋನಿನಲ್ಲಿ ಉಳಿದಿರುತ್ತದೆ. ಪತ್ರಿಕೆಯ ವರದಿ ನಿಯಮ ಮೀರಿದೆ ಎನಿಸಿದರೆ ಮೊದಲು ಸಂಪಾದಕರಿಗೆ ಬರೆಯಬೇಕು. ಸಮಾಧಾನವಾಗದಿದ್ದರೆ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ದೂರು ತಲುಪಬೇಕು.

ಈ ಬರಹ ಓದುತ್ತ ನಿಮಗೇ ಅಥವಾ ಮನೆಯ ಯಾರಿಗಾದರೂ ಸಹಾಯ ಬೇಕೆನಿಸಿದ್ದರೆ, ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಇರುತ್ತದೆ, ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಕಾಯಿಲೆ ಇರುವವರೇ ಕರೆ ಮಾಡಬೇಕೆಂದಿಲ್ಲ. ಪಕ್ಕದ ಕೋಣೆಯಲ್ಲಿ ಮಗಳು ಮಲಗಿರುವಾಗ, ಏನು ಮಾಡಬೇಕೆಂದು ತಿಳಿಯದೆ ಹೊರಗೆ ಕೂತಿರುವ ಅಪ್ಪನೂ ಮಾಡಬಹುದು.